ಅಡಿಕೆ ಹಾಳೆ ತಟ್ಟೆಯಲ್ಲಿ ಕ್ರಿಸ್‌ಮಸ್ ನಕ್ಷತ್ರ: ಬೇಗ ಮಾಡಿ ಮಾರಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ

4 ಇಂಚಿನ ಅಡಿಕೆ ಹಾಳೆ ತಟ್ಟೆ ಉಂಟಲ್ಲ, ಮದುವೆ ಊಟದಲ್ಲಿ ಸಿಹಿ ಹಾಕಿ ಕೊಡುವ ಸಣ್ಣದು, ಅದರ ಬಗ್ಗೆ ಬರೆಯುತ್ತಿದ್ದೇನೆ. ನಾವು ಅದನ್ನು ಊಟಕ್ಕೆ ತಂದದ್ದಲ್ಲ. ಕತ್ತರಿಸಿ, ಬಣ್ಣ ಹಚ್ಚಿ, ದಾರ ಕಟ್ಟಿ ಕ್ರಿಸ್‌ಮಸ್ ಟ್ರೀಗೆ ತೂಗುವ ನಕ್ಷತ್ರ, ಗಂಟೆ ಮಾಡಿದೆವು. ಹಣ ಒಟ್ಟು ಮಾಡಲು ಏನಾದರೂ ಕೈಯಲ್ಲೇ ಮಾಡಿ ಮಾರಬೇಕು, ಸಮಯ ಬೇರೆ ಕಡಿಮೆ ಅಂತ ಯೋಚಿಸುತ್ತಿರುವವರು ಪೂರ್ತಿ ಓದಿ.

ನಾವು ಮಂಗಳೂರಿನವರು, ಒಂದೇ ಚರ್ಚಿನ ಎಂಟು ಜನ ಹೆಂಗಸರು. ನಮ್ಮ ವಾಳೆಯ (ಚರ್ಚಿನ ವಾರ್ಡಿನ) ಒಬ್ಬರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಡಯಾಲಿಸಿಸ್ ಹೇಗೋ ನಡೆಯುತ್ತದೆ, ಆದರೆ ಹೋಗಿ ಬರುವ ಆಟೋ, ಮದ್ದು, ರಕ್ತ ಪರೀಕ್ಷೆ ಅಂತ ಮನೆಯವರ ಕೈ ಖಾಲಿಯಾಗಿತ್ತು. ಡಿಸೆಂಬರ್ ಮೊದಲ ಭಾನುವಾರ ಪೂಜೆ ಮುಗಿದ ಮೇಲೆ ಒಂದು ಮೇಜು ಹಾಕಿ ಮಾರುವುದು ಅಂತ ತೀರ್ಮಾನವಾಯಿತು. ಕೈಯಲ್ಲಿದ್ದದ್ದು ಹತ್ತು ದಿನ. ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿ, ಮಾಡೋಣ ಅಂದರೆ ಪಕ್ಕದ ಮೇಜಿನವರು ಆಗಲೇ ಕಿಡಿಯೊ, ನೆವ್ರಿ, ಗುಳಿಯೊ ಎಲ್ಲ ಹೇಳಿಟ್ಟಿದ್ದರು. ಅವರ ವ್ಯಾಪಾರಕ್ಕೆ ನಾವು ಅಡ್ಡ ಹೋಗುವುದು ಸರಿಯಲ್ಲ, ಅಲ್ವಾ?

ಹಿಂದಿನ ವರ್ಷ ಮೈದಾ ಮತ್ತು ಉಪ್ಪು ಕಲಸಿದ ಹಿಟ್ಟಿನಲ್ಲಿ ಗೊಂಬೆ, ನಕ್ಷತ್ರ ಮಾಡಿದ್ದೆವು. ನೋಡಲು ಬಹಳ ಚಂದ. ಆದರೆ ಉಪ್ಪು ನಮ್ಮ ಕರಾವಳಿಯ ಗಾಳಿಯಲ್ಲಿ ನೀರೆಳೆಯದೆ ಬಿಡುತ್ತದೆಯೇ? ಓವನ್‌ನಲ್ಲಿ ಗಟ್ಟಿ ಮಾಡಿದ್ದು ಒಂದು ವಾರದಲ್ಲಿ ಮೆತ್ತಗಾಯಿತು, ನಕ್ಷತ್ರದ ತುದಿ ಬಾಗಿತು, ತೆಗೆದುಕೊಂಡು ಹೋದವರಲ್ಲಿ ಇಬ್ಬರು ಇರುವೆ ಬಂತು ಅಂತ ಹೇಳಿದರು. ದುಡ್ಡು ಕೊಟ್ಟವರು ಹಾಗೆ ಹೇಳಿದಾಗ ನನಗೆ ಆದ ಸಂಕಟ ಇನ್ನೂ ಹೋಗಿಲ್ಲ. ಕಾಗದ ಮಡಚಿ ಮಾಡುವ ನಕ್ಷತ್ರ ಬಾಳಿಕೆ ಬರುತ್ತದೆ, ಆದರೆ ಒಂದಕ್ಕೇ ಅರ್ಧ ಗಂಟೆ ಹೋಗುತ್ತದೆ. ಥರ್ಮೋಕೋಲ್ ನನಗೆ ಬೇಡವೇ ಬೇಡ, ಮಿನುಗಿನ ಪುಡಿ ಮನೆಯಿಡೀ ಉದುರುತ್ತದೆ, ಹಬ್ಬ ಮುಗಿದ ಮೇಲೆ ಅದನ್ನು ಎಲ್ಲಿ ಹಾಕುವುದು?

ಹಾಗಾಗಿ ಹಾಳೆ ತಟ್ಟೆ. ಪುತ್ತೂರು ಕಡೆಯ ಒಂದು ಸಣ್ಣ ಘಟಕದಿಂದ 200 ತಟ್ಟೆ ತರಿಸಿದೆವು, ಒಂದಕ್ಕೆ 3 ರೂಪಾಯಿ. ಗಂಡ ಹೆಂಡತಿ ಇಬ್ಬರೇ ನಡೆಸುವುದು. ತೋಟದಲ್ಲಿ ಬಿದ್ದ ಹಾಳೆ ತಂದು, ತೊಳೆದು, ನೀರಲ್ಲಿ ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತುತ್ತಾರೆ, ಅಷ್ಟೆ. ಅಂಟು, ಬಣ್ಣ ಏನೂ ಸೇರಿಸುವುದಿಲ್ಲ. ಬಂದ ತಟ್ಟೆ ಒಣಗಿ ಗಟ್ಟಿಯಾಗಿತ್ತು, ಬೆರಳಿನಿಂದ ತಟ್ಟಿದರೆ ಟಕ್ ಅಂತ ಸದ್ದು. ಒಂದರ ಹಾಗೆ ಇನ್ನೊಂದಿಲ್ಲ. ಕೆಲವು ತಿಳಿ ಹಾಲಿನ ಬಣ್ಣ, ಕೆಲವು ಬೆಲ್ಲದ ಬಣ್ಣ, ಕೆಲವದರ ಮೇಲೆ ಕಂದು ಗೆರೆ. ಹಾಗಿರುವುದರಿಂದ ಬಣ್ಣ ಜಾಸ್ತಿ ಬೇಕಾಗಲೇ ಇಲ್ಲ.

ಇದಕ್ಕೂ ಮೊದಲು ಮಾದರಿಗೆ ಅಂತ ಆನ್‌ಲೈನ್‌ನಲ್ಲಿ ಒಬ್ಬರಿಂದ 50 ತರಿಸಿದ್ದೆ. ಪೊಟ್ಟಣ ಬಿಚ್ಚುವಾಗಲೇ ಮುಗ್ಗಿದ ವಾಸನೆ. 19 ತಟ್ಟೆಯಲ್ಲಿ ಕಪ್ಪು ಚುಕ್ಕಿ, ಬೂಸ್ಟು. ಫೋಟೋ ಕಳಿಸಿದೆ, ವಾಪಸ್ ತೆಗೆದುಕೊಳ್ಳಲಿಲ್ಲ. ಸರಿಯಾಗಿ ಒಣಗಿಸದೆ ಪ್ಲಾಸ್ಟಿಕ್‌ನಲ್ಲಿ ಸುತ್ತಿದರೆ ಇದೇ ಗತಿ. ಅದಕ್ಕೆ ನಾನು ಹೇಳುವುದು, ಸಾಧ್ಯವಾದರೆ ಮಾಡುವವರ ಹತ್ತಿರ ನೇರ ಹೋಗಿ, ಕಟ್ಟಿನ ಮಧ್ಯದಿಂದ ಒಂದೆರಡು ತೆಗೆದು ಮೂಸಿ ನೋಡಿ. ಮಳೆಗಾಲಕ್ಕೆ ಮೊದಲು ಒತ್ತಿಟ್ಟ ಮಾಲು ಇದ್ದರೆ ಅದನ್ನೇ ಕೇಳಿ.

ಕತ್ತರಿಸುವುದು ಹೇಗೆ ಅನ್ನುವುದೇ ಮುಖ್ಯ. ಮೊದಲ ದಿನ ನಾವು ಸೀದಾ ಕತ್ತರಿ ಹಾಕಿದೆವು. ಹಾಳೆಯಲ್ಲಿ ನಾರು ಒಂದೇ ದಿಕ್ಕಿಗೆ ಓಡುತ್ತದೆ. ಅದರ ಉದ್ದಕ್ಕೆ ಕತ್ತರಿಸಿದರೆ ಬೆಣ್ಣೆ, ಅಡ್ಡಕ್ಕೆ ಹೋದರೆ ಸೀಳಿ ತುದಿ ಮುರಿಯುತ್ತದೆ. ನಕ್ಷತ್ರಕ್ಕೆ ಐದು ಮೂಲೆ, ಒಂದಲ್ಲ ಒಂದು ಮೂಲೆ ಅಡ್ಡ ಬಂದೇ ಬರುತ್ತದೆ. ಒಂದು ಗಂಟೆಯಲ್ಲಿ ಹನ್ನೊಂದು ತಟ್ಟೆ ಹಾಳಾಯಿತು. ಆಮೇಲೆ ನಮ್ಮಲ್ಲಿ ಹಿರಿಯರಾದ ಒಬ್ಬ ಬಾಯಮ್ಮ ಹೇಳಿದರು, "ಹಾಳೆ ಅಲ್ವಾ ಮಾರಾಯ್ತಿ, ನೀರು ತೋರಿಸದೆ ಬಗ್ಗುತ್ತದಾ?" ಉಗುರು ಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಇಟ್ಟು, ಬಟ್ಟೆಯಲ್ಲಿ ಒರೆಸಿ ಕತ್ತರಿಸಿದೆವು. ದಪ್ಪ ಚರ್ಮ ಕತ್ತರಿಸಿದ ಹಾಗೆ ನುಣುಪಾಗಿ ಬಂತು. ಹತ್ತು ನಿಮಿಷಕ್ಕಿಂತ ಜಾಸ್ತಿ ಇಡಬೇಡಿ, ತಟ್ಟೆ ಸುರುಟಿಕೊಳ್ಳುತ್ತದೆ.

ಕತ್ತರಿಸಿದ ಮೇಲೆ ಹಳೆ ಪಂಚೆ ಬಟ್ಟೆ ಮೇಲಿಟ್ಟು ಇಸ್ತ್ರಿ ಪೆಟ್ಟಿಗೆಯಲ್ಲಿ ಒತ್ತಬೇಕು. ಘಟಕದಲ್ಲಿ ಬಿಸಿ ಅಚ್ಚು ಮಾಡುವ ಕೆಲಸವನ್ನೇ ಇಲ್ಲಿ ಇಸ್ತ್ರಿ ಪೆಟ್ಟಿಗೆ ಮಾಡುತ್ತದೆ, ನೀರೂ ಆರುತ್ತದೆ, ಚಪ್ಪಟೆಯಾಗಿಯೂ ನಿಲ್ಲುತ್ತದೆ. ಹಾಗೆ ಒತ್ತುವಾಗ ಒಂದು ಹಸಿ ಪರಿಮಳ ಬರುತ್ತದೆ, ಮಳೆ ಬಿದ್ದ ಅಡಿಕೆ ತೋಟದ್ದೇ ವಾಸನೆ. ಅಂಚಿಗೆ ಉಪ್ಪು ಕಾಗದ ಉಜ್ಜಿ, ದಬ್ಬಣದಲ್ಲಿ ತೂತು ಮಾಡಿ, ಗೋಣಿ ದಾರ ಪೋಣಿಸಿದರೆ ಮುಗಿಯಿತು. ಪೋಸ್ಟರ್ ಬಣ್ಣ ಹಚ್ಚಬೇಡಿ, ಒಣಗಿದ ಮೇಲೆ ಕೈಗೆ ಅಂಟುತ್ತದೆ. ಅಕ್ರಿಲಿಕ್ ಬಣ್ಣ ಚೆನ್ನಾಗಿ ಹಿಡಿಯಿತು. ನಾವು ಬಿಳಿ ಮತ್ತು ಕೆಂಪು ಎರಡೇ ಬಳಸಿದ್ದು, ಬೆಂಕಿಕಡ್ಡಿಯ ಹಿಂಬದಿಯನ್ನು ಅದ್ದಿ ಸಾಲಾಗಿ ಚುಕ್ಕಿ ಇಟ್ಟೆವು. ರಂಗೋಲಿ ಬರುವವರಿಗೆ ಇದನ್ನು ಹೇಳಿಕೊಡುವುದೇ ಬೇಡ. ನಮ್ಮ ಪಕ್ಕದ ಮನೆಯ ಹುಡುಗಿ, ಹಿಂದೂಗಳ ಮನೆಯವಳು, ಸುಮ್ನೆ ನೋಡಲು ಬಂದವಳು ಕೂತು ಮೂವತ್ತು ಮುಗಿಸಿಕೊಟ್ಟು ಹೋದಳು. ಶುರುವಿನಲ್ಲಿ ಒಂದಕ್ಕೆ ಹನ್ನೆರಡು ನಿಮಿಷ ಬೇಕಾಗುತ್ತಿತ್ತು, ಮೂರನೇ ದಿನಕ್ಕೆ ಐದೇ ನಿಮಿಷ.

ನಕ್ಷತ್ರ, ಗಂಟೆ, ದುಂಡಗಿನ ಬಿಲ್ಲೆ ಅಲ್ಲದೆ ಇನ್ನೊಂದು ಮಾಡಿದೆವು. ಅದನ್ನು ನೆನೆದರೆ ನನಗೆ ಈಗಲೂ ಖುಷಿ. ನಮ್ಮ ಕಡೆ ಎಳೆ ಮಗುವನ್ನು ಅಡಿಕೆ ಹಾಳೆಯ ಮೇಲೆ ಮಲಗಿಸಿ ಎಣ್ಣೆ ಹಚ್ಚಿ ಮೀಯಿಸುತ್ತಿದ್ದರು. ನನ್ನನ್ನೂ ಹಾಗೇ ಮೀಯಿಸಿದ್ದು, ನನ್ನ ಮಗನನ್ನೂ. ಹಾಗಾದರೆ ಬಾಲ ಯೇಸುವನ್ನೂ ಹಾಳೆಯಲ್ಲೇ ಮಲಗಿಸೋಣ ಅಂತ ಅನಿಸಿತು. ಎರಡು ಬೆರಳಗಲದ ಪಟ್ಟಿಯನ್ನು ನಾರಿನ ಉದ್ದಕ್ಕೆ ಕತ್ತರಿಸಿ, ಒದ್ದೆಯಿರುವಾಗಲೇ ಎರಡೂ ತುದಿ ಚಿವುಟಿ ದಾರ ಕಟ್ಟಿದರೆ ದೋಣಿಯ ಹಾಗಾಗುತ್ತದೆ. ತಲೆಗೆ ಚನ್ನಪಟ್ಟಣದ ಒಂದು ಸಣ್ಣ ಮರದ ಮಣಿ, ಮೈಗೆ ಹಳೆ ಹತ್ತಿ ಸೀರೆಯ ಚೂರು ಸುತ್ತಿ ಫೆವಿಕಾಲ್. ಕಣ್ಣು ಬಾಯಿ ಬರೆಯಲಿಲ್ಲ. ಅಂಗೈಯಲ್ಲಿ ಹಿಡಿದರೆ ಮಲಗಿದ ಮಗುವೇ. ಇಂಥವು 36 ಮಾಡಿದ್ದೆವು, ಮೊದಲು ಖಾಲಿಯಾದದ್ದೇ ಅವು. ವಯಸ್ಸಾದ ಒಬ್ಬರು ಅದನ್ನು ಕೈಯಲ್ಲಿ ಹಿಡಿದು, ತಮ್ಮ ಅಮ್ಮ ಹಾಳೆಗೆ ಎಣ್ಣೆ ಸವರುತ್ತಿದ್ದದ್ದನ್ನು ಹೇಳುತ್ತಾ ನಿಂತೇ ಬಿಟ್ಟರು. ಗೋದಲಿಗೆ ಒಂದು, ಮಗಳ ಮನೆಗೆ ಒಂದು ಅಂತ ಎರಡು ತೆಗೆದುಕೊಂಡರು.

ಲೆಕ್ಕ ಹೇಳಿಬಿಡುತ್ತೇನೆ, ಬೇರೆಯವರಿಗೆ ಉಪಯೋಗ ಆಗಲಿ. ತಟ್ಟೆಗೆ 600, ಬಣ್ಣಕ್ಕೆ 350, ಮಣಿಗೆ 90, ದಾರಕ್ಕೆ 60, ಅಂಟು ಮತ್ತು ಉಪ್ಪು ಕಾಗದಕ್ಕೆ 100, ಒಟ್ಟು 1,200 ರೂಪಾಯಿ. 200ರಲ್ಲಿ 24 ಹಾಳಾಗಿ 176 ಉಳಿದವು. ಬಾಲ ಯೇಸುವಿಗೆ 60, ಉಳಿದದ್ದಕ್ಕೆ 30 ಅಂತ ಬೆಲೆ ಇಟ್ಟೆವು. ಬಂದದ್ದು 5,970. ಖರ್ಚು ಕಳೆದು 4,770 ರೂಪಾಯಿ ಅದೇ ಸಂಜೆ ಆ ಮನೆಗೆ ಮುಟ್ಟಿಸಿದೆವು. ದೊಡ್ಡ ಮೊತ್ತ ಅಲ್ಲ, ನಿಜ. ಆದರೆ ಅವರ ಆಟೋ ಖರ್ಚಿನ ಚಿಂತೆ ಕೆಲವು ವಾರಕ್ಕಾದರೂ ತಪ್ಪಿತು.

ಕೊರತೆ ಇಲ್ಲ ಅಂತ ಹೇಳುವುದಿಲ್ಲ. ಒದ್ದೆಯಾದರೆ ಇದೂ ಬೂಸ್ಟು ಹಿಡಿಯುತ್ತದೆ. ಅದಕ್ಕೆ ಎರಡು ದಿನ ಬಿಸಿಲಿಗೆ ಹಾಕಿ, ಹಬ್ಬ ಕಳೆದ ಮೇಲೆ ಕಾಗದದಲ್ಲಿ ಸುತ್ತಿ ಡಬ್ಬದಲ್ಲಿಡಿ ಅಂತ ಪ್ರತಿಯೊಬ್ಬರಿಗೂ ಹೇಳಿ ಕೊಟ್ಟೆವು. ಹೊರಗೆ ಜಗಲಿಯಲ್ಲಿ ತೂಗಿದರೆ ಇಬ್ಬನಿಗೆ ಬಾಗುತ್ತದೆ. ಚೂಪು ತುದಿ ಇರುವುದರಿಂದ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮಕ್ಕಳಿಗೆ ಎಟುಕದ ಹಾಗೆ ಕಟ್ಟಬೇಕು.

ಇನ್ನೊಂದು ಮಾತು. ಅಡಿಕೆ ಹಾಳೆಯ ತಟ್ಟೆ, ಬಟ್ಟಲುಗಳನ್ನು ಆಹಾರಕ್ಕೆ ಬಳಸಬಾರದು ಅಂತ 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ (ಎಫ್‌ಡಿಎ) ಹೇಳಿತು. ಹಾಳೆಯಲ್ಲೂ ಇರುವ ಅಡಿಕೆಯ ಹಾನಿಕರ ಅಂಶ ಊಟಕ್ಕೆ ಇಳಿಯಬಹುದು ಅನ್ನುವುದು ಅವರ ಕಾರಣ. ಟ್ರೀಗೆ ತೂಗುವ ನಕ್ಷತ್ರದಲ್ಲಿ ಯಾರೂ ಊಟ ಮಾಡುವುದಿಲ್ಲವಲ್ಲ, ಹಾಗಾಗಿ ನಮ್ಮ ಕೆಲಸಕ್ಕೆ ಆ ತೊಂದರೆ ಇಲ್ಲ. ಹಾಳೆ ಒತ್ತಿ ಬದುಕುವ ಸಣ್ಣವರಿಗೆ ಊಟದ ತಟ್ಟೆ ಬಿಟ್ಟು ಇನ್ನೊಂದು ದಾರಿ ಸಿಕ್ಕಿದರೆ ನನಗಂತೂ ಬಹಳ ಸಂತೋಷ.

ಹದಿಮೂರು ನಕ್ಷತ್ರ ಉಳಿದಿವೆ, ಡಬ್ಬದಲ್ಲಿ ಭದ್ರವಾಗಿವೆ. ಮುಂದಿನ ಸಲಕ್ಕೆ ಬೆರಳ ತುದಿಗೆ ಇಡುವಷ್ಟು ಸಣ್ಣ ಮುಟ್ಟಾಳೆ (ಹಾಳೆಯ ಟೋಪಿ) ಮಾಡಬೇಕು ಅಂತ ಬಾಯಮ್ಮ ಈಗಲೇ ಹೇಳುತ್ತಿದ್ದಾರೆ. ಪುತ್ತೂರಿನವರಿಗೆ ಫೋನ್ ಮಾಡಿ, ಏಪ್ರಿಲ್‌ನಲ್ಲಿ ಒತ್ತಿದ 400 ತಟ್ಟೆ ನಮಗೆ ತೆಗೆದಿಡಿ ಅಂತ ಹೇಳಿದ್ದೇನೆ.