ಬಚ್ಚಲ ಬಾಗಿಲು, ಮೂರು ಗರಗಸ

ಬಚ್ಚಲ ಬಾಗಿಲಿನ ಬುಡ ಕೊಳೆತಿತ್ತು. ಮಲೆನಾಡಿನಲ್ಲಿ ಇದೇನೂ ಸುದ್ದಿಯಲ್ಲ. ಜೂನ್‌ನಲ್ಲಿ ಉಬ್ಬಿ ಹೊಸಿಲಿಗೆ ಕಚ್ಚಿಕೊಂಡ ಬಾಗಿಲು ಜನವರಿಗೆ ತಾನಾಗಿ ಸಡಿಲಾಗುತ್ತದೆ ಎಂದು ಕಾಯುವವರು ನಾವು. ಈ ಸಲ ಕಾಯುವಂತಿರಲಿಲ್ಲ; ಕೆಳಗಿನ ಮೂರಿಂಚು ಬೆರಳಿಂದ ಒತ್ತಿದರೆ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉದುರುತ್ತಿತ್ತು. ಅಷ್ಟನ್ನು ಕೊಯ್ದು ಪಿವಿಸಿ ಪಟ್ಟಿ ಕೂರಿಸಿದರೆ ಮುಗಿಯಿತು. ಅದಕ್ಕೆ ಬಡಗಿ ಆಚಾರ್ರು ಹದಿನೈದು ದಿನ ಬಿಟ್ಟು ಬರುತ್ತೇನೆಂದರು. ಜೊತೆಗೆ ಉಪದೇಶವೂ ಸಿಕ್ಕಿತು: "ಸಾರ್, ನಾಲ್ಕಿಂಚಿನ ಕಟರ್ ತಗೊಂಡ್ಬಿಡಿ. ಟೈಲ್ಸಿಗೂ ಆಯ್ತು, ಮರಕ್ಕೂ ಆಯ್ತು."

ಆ ಕಟರ್ ಎಂದರೆ ಮಾರ್ಬಲ್ ಕಟರ್. ನಮ್ಮ ಕಡೆಯ ಬಡಗಿಗಳ ಚೀಲದಲ್ಲಿ ಇದಿಲ್ಲದೆ ಇರುವುದೇ ಅಪರೂಪ. ಆಚಾರ್ರದನ್ನೇ ಒಂದು ಭಾನುವಾರಕ್ಕೆ ಕೇಳಿ ತಂದೆ. ಏಳಿಂಚಿನ ದುಂಡು ಬ್ಲೇಡಿನ ಗರಗಸ, ಅಂದರೆ ಸರ್ಕ್ಯುಲರ್ ಸಾ, ಭಾವನ ಮನೆಯಲ್ಲಿತ್ತು. ಜಿಗ್‌ಸಾ ಒಂದನ್ನು ಪರಿಚಯದ ಅಂಗಡಿಯವರು "ನೋಡಿ ಆಮೇಲೆ ಹೇಳಿ" ಎಂದು ಕೊಟ್ಟರು. ಕೊಳೆತ ಮೂರಿಂಚನ್ನು ಒಂದೇ ಸಲ ತೆಗೆಯದೆ, ಒಂದೊಂದು ಯಂತ್ರದಲ್ಲಿ ಒಂದೊಂದು ಇಂಚು ಕೊಯ್ದೆ. ಹೆಂಡತಿ ಇದನ್ನು ನೋಡಿ ಏನೂ ಹೇಳದೆ ಒಳಗೆ ಹೋದಳು.

ಮಾರ್ಬಲ್ ಕಟರ್ ಸರಸರ ಹೋಯಿತು, ಅದರಲ್ಲಿ ಎರಡು ಮಾತಿಲ್ಲ. ಹೆಚ್ಚುಕಡಿಮೆ 110 ಮಿಮೀ ಬ್ಲೇಡು, ನಿಮಿಷಕ್ಕೆ 12,000-13,000 ಸುತ್ತು. ಆಳ ಮಾತ್ರ ಸುಮಾರು 30-34 ಮಿಮೀಗೆ ನಿಲ್ಲುತ್ತದೆ. 30 ಮಿಮೀ ದಪ್ಪದ ನಮ್ಮ ಸಪಾಟು ಬಾಗಿಲಿಗೆ ಹೇಗೋ ಸಾಕಾಯಿತು. ಆದರೆ ಮೂಲದಲ್ಲಿ ಇದು ಕಲ್ಲು ಕೊಯ್ಯುವ ಯಂತ್ರ. ಸರ್ಕ್ಯುಲರ್ ಸಾದಲ್ಲಿ ಮರದಿಂದ ಹೊರಬಂದ ಕೂಡಲೇ ಸ್ಪ್ರಿಂಗಿನಿಂದ ಮುಚ್ಚಿಕೊಳ್ಳುವ ಕೆಳಗಿನ ಗಾರ್ಡ್ ಇರುತ್ತದಲ್ಲ, ಅದು ಇಂಥ ಹೆಚ್ಚಿನ ಕಟರ್‌ಗಳಲ್ಲಿ ಇಲ್ಲ.

ಗಾರ್ಡ್ ಇಲ್ಲದ್ದರ ಬೆಲೆ ಮಧ್ಯಾಹ್ನ ಗೊತ್ತಾಯಿತು. ಅಡುಗೆಮನೆಯ ಶೆಲ್ಫಿಗೆಂದು 19 ಮಿಮೀ ಪ್ಲೈವುಡ್ಡನ್ನು ಎರಡು ಸ್ಟೂಲಿನ ಮೇಲೆ ಅಡ್ಡ ಇಟ್ಟು ಅದೇ ಕಟರ್‌ನಿಂದ ನಡುವೆ ಕೊಯ್ಯುತ್ತಿದ್ದೆ. ಮುಕ್ಕಾಲು ಭಾಗ ಆಗುವಷ್ಟರಲ್ಲಿ ಹಲಗೆ ತನ್ನ ಭಾರಕ್ಕೇ ನಡುವೆ ಬಗ್ಗಿ, ಕೊಯ್ದ ಸೀಳು ಮುಚ್ಚಿಕೊಂಡು ಬ್ಲೇಡನ್ನು ಅದುಮಿ ಹಿಡಿಯಿತು. ಯಂತ್ರ ಹಿಂದಕ್ಕೆ ನನ್ನ ಕಡೆಗೇ ಚಿಮ್ಮಿತು. ಲುಂಗಿಯ ಅಂಚು ಗೇಣುದ್ದ ಹರಿಯಿತು, ಕಾಲು ಉಳಿಯಿತು. ತಪ್ಪು ಪೂರ್ತಿ ನನ್ನದೇ: ಕತ್ತರಿಸಿ ಬೀಳುವ ತುಂಡು ತಡೆಯಿಲ್ಲದೆ ಬೀಳುವಂತಿರಬೇಕು, ಇಲ್ಲವೇ ಹಲಗೆಯ ಅಡಿಗೆ ಉದ್ದಕ್ಕೂ ಆಧಾರ ಇರಬೇಕು. ಲುಂಗಿ ಉಟ್ಟು ಗರಗಸ ಹಿಡಿಯಲೂಬಾರದು. ಆದರೆ ಮೊದಲ ಗರಗಸ ಕೊಳ್ಳುವವನು ಇಂಥ ತಪ್ಪು ಮಾಡಿಯೇ ಮಾಡುತ್ತಾನೆ. ಕೈ ತಪ್ಪಿದಾಗ ಯಂತ್ರ ಏನು ಮಾಡುತ್ತದೆ ಎಂಬುದನ್ನೇ ಅಂದಿನಿಂದ ನಾನು ಮೊದಲು ನೋಡತೊಡಗಿದೆ. (ಕಬ್ಬಿಣ ಉಜ್ಜುವ ಆಂಗಲ್ ಗ್ರೈಂಡರಿಗೆ ಹಲ್ಲಿನ ಬ್ಲೇಡು ಹಾಕಿ ಮರ ಕೊಯ್ಯುವವರನ್ನು ನೋಡಿದ್ದೇನೆ. ಅದನ್ನು ಹೋಲಿಕೆಗೂ ಸೇರಿಸುವುದಿಲ್ಲ.)

ನೇರಕ್ಕೆ ಸರ್ಕ್ಯುಲರ್ ಸಾವನ್ನು ಮೀರಿಸಿದ್ದಿಲ್ಲ. ಬಾಗಿಲಿಗೆ ಒಂದು ರೀಪು ಪಟ್ಟಿ ಕ್ಲ್ಯಾಂಪ್ ಮಾಡಿ, ಅದಕ್ಕೆ ಒತ್ತಿ ತಳ್ಳಿದರೆ ಅರ್ಧ ನಿಮಿಷದಲ್ಲಿ ದಾರ ಹಿಡಿದಂಥ ಗೆರೆ. 185 ಮಿಮೀ ಬ್ಲೇಡು 60 ಮಿಮೀಗಿಂತ ಹೆಚ್ಚು ಆಳ ಇಳಿಯುವುದರಿಂದ ಛಾವಣಿಗೆ ಹಾಕುವ ಎರಡಿಂಚಿನ ಪಕಾಸು ಒಂದೇ ಓಟಕ್ಕೆ ತುಂಡಾಯಿತು. ಎಂಟಡಿ-ನಾಲ್ಕಡಿ ಪ್ಲೈವುಡ್ ಹಾಳೆಗಳನ್ನು ಸೀಳುವ ಕೆಲಸ ನಿಮ್ಮಲ್ಲಿದ್ದರೆ ಮುಂದೆ ಓದಬೇಕಾಗಿಲ್ಲ, ಇದನ್ನೇ ತನ್ನಿ. ನನ್ನ ತಕರಾರು ಬೇರೆ. ಸುಮಾರು ನಾಲ್ಕು ಕೆಜಿ ತೂಕ, ಕಿವಿಗಡಚಿಕ್ಕುವ ಸದ್ದು, ಒಂದು ಕೋಣೆ ತುಂಬ ಹೊಟ್ಟು. ಶೆಲ್ಫಿನ ಮೂಲೆಯಲ್ಲಿ ಗ್ಯಾಸ್ ಪೈಪಿಗೆ ಒಂದು ಕಚ್ಚು ತೆಗೆಯಬೇಕಿತ್ತು. ದುಂಡು ಬ್ಲೇಡಿಗೆ ಆ ಒಳಮೂಲೆ ಸಿಗಲೇ ಇಲ್ಲ.

ಜಿಗ್‌ಸಾ ಕೈಗೆತ್ತಿಕೊಂಡಾಗ ಆಟದ ಸಾಮಾನು ಅನ್ನಿಸಿತು. ಸೂಜಿಯಂತೆ ಮೇಲೆ ಕೆಳಗೆ ಓಡುವ ಬೆರಳಗಲದ ಬ್ಲೇಡು. ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಕೌಫ್‌ಮನ್ ಎಂಬಾತ 1946ರಲ್ಲಿ ಹೊಲಿಗೆ ಯಂತ್ರದ ಸೂಜಿ ತೆಗೆದು ಅಲ್ಲಿಗೆ ಗರಗಸದ ಬ್ಲೇಡು ಸಿಕ್ಕಿಸಿದ್ದರಿಂದ ಇದು ಹುಟ್ಟಿತಂತೆ. ಬಾಗಿಲಿನ ಇಂಚಿನಲ್ಲಿ ಇದರದ್ದೇ ಸೊಟ್ಟ ಗೆರೆ. ಎರಡಿಂಚಿನ ಹೊನ್ನೆ ಪಕಾಸಿನಲ್ಲಂತೂ ಬ್ಲೇಡು ಒಳಗೇ ಬಾಗಿ, ಮೇಲಿನ ಗುರುತಿಗೂ ಕೆಳಗೆ ಹೊರಬಂದ ಜಾಗಕ್ಕೂ ನಾಲ್ಕು ಮಿಮೀ ವ್ಯತ್ಯಾಸ. ಆದರೆ ಗ್ಯಾಸ್ ಪೈಪಿನ ಕಚ್ಚು ಐದು ನಿಮಿಷದಲ್ಲಿ ಮುಗಿಯಿತು. ಬ್ಲೇಡು ಬದಲಿಸಿ ಅಲ್ಯೂಮಿನಿಯಂ ಚಾನೆಲ್ ಕೊಯ್ದೆ, ಪಿವಿಸಿ ಪಟ್ಟಿಯನ್ನೂ ಕೊಯ್ದೆ. ಒಮ್ಮೆ ಸಿಕ್ಕಿಕೊಂಡಾಗ ಗಡಗಡ ಅಲುಗಾಡಿ ನಿಂತಿತೇ ಹೊರತು ನನ್ನ ಮೇಲೆ ಹಾರಲಿಲ್ಲ.

ಹಾಗಾಗಿ ಜಿಗ್‌ಸಾವನ್ನೇ ಇಟ್ಟುಕೊಂಡೆ. ಆಚಾರ್ರು ನಕ್ಕರು. ಅವರು ದಿನವೂ ಮರ ಕೊಯ್ಯುವವರು, ಅವರ ಲೆಕ್ಕ ಅವರಿಗೆ ಸರಿ. ನಾನು ವರ್ಷಕ್ಕೆ ಆರೇಳು ಸಲ ಗರಗಸ ಹಿಡಿಯುವವನು.

ಕೊಂಡರೆ ಬ್ಲೇಡಿನಲ್ಲಿ ಮಾತ್ರ ಜುಗ್ಗತನ ಬೇಡ. ಟಿ-ಶ್ಯಾಂಕ್ (ಬುಡ ಟಿ ಅಕ್ಷರದ ಆಕಾರದಲ್ಲಿರುವ) ಬ್ಲೇಡು ಹಿಡಿಯುವ ಯಂತ್ರವನ್ನೇ ತನ್ನಿ, ಅಂಥ ಬ್ಲೇಡು ಎಲ್ಲ ಕಡೆ ಸಿಗುತ್ತದೆ. ಬ್ಲೇಡಿನ ನಂಬರು ನೋಡಿ ಕೊಳ್ಳಿ: ಮರವನ್ನು ನಾಜೂಕಾಗಿ ಕೊಯ್ಯಲು ಟಿ101ಬಿ, ದಪ್ಪ ಮರವನ್ನು ಬೇಗ ಕೊಯ್ಯಲು ಟಿ144ಡಿ, ತಗಡಿಗೆ ಟಿ118ಎ. ಬ್ಲೇಡನ್ನು ಹಿಂದೆ ಮುಂದೆಯೂ ತೂಗಿಸುವ ಪೆಂಡುಲಮ್ ಗುಂಡಿಯನ್ನು ಸನ್‌ಮೈಕಾಕ್ಕೂ ತಗಡಿಗೂ ಸೊನ್ನೆಯಲ್ಲಿಡಿ. ಸಾಮಾನ್ಯ ಬ್ಲೇಡು ಮೇಲೆ ಬರುವಾಗ ಕೊಯ್ಯುತ್ತದೆ, ಚಕ್ಕೆ ಏಳುವುದು ಮೇಲ್ಮುಖದಲ್ಲಿ; ಆದ್ದರಿಂದ ಚೆಂದದ ಮುಖ ಕೆಳಗಿರಲಿ. ನಾನಿದನ್ನು ಕಲಿತದ್ದು ಶೆಲ್ಫ್ ಹಾಳಾದ ಮೇಲೆ. ಅಂಚಿನ ಚಕ್ಕೆಗಳನ್ನು ಮುಚ್ಚಲು ಬೀಡಿಂಗ್ ಹೊಡೆದಿದ್ದೇನೆ, ಅಮ್ಮ ಅದನ್ನು ಡಿಸೈನ್ ಎಂದುಕೊಂಡಿದ್ದಾರೆ.

ಮಾಡಿನ ಎರಡು ಪಕಾಸು ಮಳೆಗೆ ಮುಂಚೆ ಬದಲಾಗಬೇಕು. ಅದಕ್ಕೆ ಆಚಾರ್ರಿಗೆ ಹೇಳಿಯಾಗಿದೆ. ಹದಿನೈದು ದಿನ ಅಂದಿದ್ದಾರೆ.