ಬೋರ್ಡಿಂಗ್‌ನಿಂದ ಬಂದ ನಾಯಿ ಕೆಮ್ಮಿದರೆ ‘ಸುಸ್ತು’ ಅಂತ ಸುಮ್ಮನಿರಬೇಡಿ

ನಮ್ಮ ನಾಯಿ ಚುಕ್ಕಿ ಈಗ ಹುಷಾರಾಗಿದ್ದಾಳೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಅವಳು ಮೂರು ದಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದಳು. ನಾನು ಮೂರು ದಿನ ಮೊದಲು ಎಚ್ಚೆತ್ತಿದ್ದರೆ ಬಹುಶಃ ಅಷ್ಟು ದೂರ ಹೋಗುತ್ತಿರಲಿಲ್ಲ.

ಮನೆಯವರೆಲ್ಲ ಎಂಟು ದಿನ ಊರು ಬಿಡಬೇಕಾಗಿತ್ತು. ಒಂಬತ್ತು ವರ್ಷದ ಚುಕ್ಕಿಯನ್ನು ಬೋರ್ಡಿಂಗ್‌ಗೆ, ಅಂದರೆ ಮನೆಯವರು ಊರಲ್ಲಿಲ್ಲದಾಗ ನಾಯಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಜಾಗಕ್ಕೆ, ಬಿಟ್ಟೆವು. ಜಾಗ ಚೊಕ್ಕಟವಾಗಿತ್ತು, ಜನ ಪ್ರೀತಿಯಿಂದ ಮಾತಾಡಿಸಿದರು. ಅವಳ ಲಸಿಕೆ ಪುಸ್ತಕವನ್ನು ಮಾತ್ರ ಯಾರೂ ಕೇಳಲಿಲ್ಲ. ಒಂದು ತಲೆನೋವು ತಪ್ಪಿತು ಅಂತ ನನಗೆ ಆಗ ಖುಷಿಯೇ ಆಗಿತ್ತು. ನಮ್ಮ ನಾಯಿಯ ಪುಸ್ತಕ ಕೇಳದವರು ಪಕ್ಕದ ಗೂಡಿನ ನಾಯಿಯದ್ದನ್ನೂ ಕೇಳಿರುವುದಿಲ್ಲ, ಅಲ್ವಾ? ಅದು ನನಗೆ ಹೊಳೆಯಲೇ ಇಲ್ಲ.

ವಾಪಸ್ ಬಂದ ದಿನ ಗಟಗಟ ನೀರು ಕುಡಿದು ಮಲಗಿದವಳು ಮರುದಿನ ಮಧ್ಯಾಹ್ನದವರೆಗೆ ಏಳಲಿಲ್ಲ. ಹೊಸ ಜಾಗ, ಹೊಸ ನಾಯಿಗಳ ಬೊಗಳಾಟದಲ್ಲಿ ನಿದ್ದೆ ಕೆಟ್ಟಿರುತ್ತದೆ. ಒಂದೆರಡು ದಿನ ಹೀಗೆ ಮಲಗುವುದು, ಮಲ ಸ್ವಲ್ಪ ತೆಳ್ಳಗಾಗುವುದು ಸಾಮಾನ್ಯವೇ. ಮೂರನೇ ದಿನಕ್ಕೆ ಅವಳು ಮೊದಲಿನ ಹಾಗೇ ಆಗಿದ್ದಳು.

ನಾಲ್ಕನೇ ದಿನ ರಾತ್ರಿ ಕೆಮ್ಮು ಶುರುವಾಯಿತು. ಆ ಸದ್ದು ಕೇಳಿದವರಿಗೆ ಅದು ಕೆಮ್ಮು ಅನ್ನಿಸುವುದೇ ಇಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡು ಅದನ್ನು ಹೊರಗೆ ತಳ್ಳಲು ಒದ್ದಾಡುತ್ತಿರುವ ಹಾಗೆ ಇರುತ್ತದೆ. ಒಣ, ಗಡುಸು ಸದ್ದು. ನಾಲ್ಕೈದು ಸಲ ಹಾಗೆ ಮಾಡಿ, ಕೊನೆಗೆ ಓಕರಿಸಿ, ಬಿಳಿ ನೊರೆ ಕಕ್ಕಿದಳು. ನಾನು ಟಾರ್ಚ್ ಹಿಡಿದು ಬಾಯಿ ತೆರೆಸಿ ನೋಡಿದೆ, ಬೆರಳು ಹಾಕಿಯೂ ನೋಡಿದೆ. ಏನೂ ಇರಲಿಲ್ಲ. ಬೆಳಗ್ಗೆ ವಾಕಿಂಗ್‌ನಲ್ಲಿ ಬೆಲ್ಟ್ ಎಳೆದಾಗಲೆಲ್ಲ ಮತ್ತೆ ಅದೇ ಸದ್ದು.

ಬೋರ್ಡಿಂಗ್‌ನವರಿಗೆ ಫೋನ್ ಮಾಡಿದೆ. “ಜಾಗ ಬದಲಾದ ಸುಸ್ತು ಮೇಡಂ, ಎರಡು ದಿನದಲ್ಲಿ ಸರಿಹೋಗುತ್ತೆ” ಅಂದರು. ನನಗೆ ಬೇಕಾಗಿದ್ದೂ ಆ ಮಾತೇ. ಊಟ ಮಾಡುತ್ತಿದ್ದಾಳಲ್ಲ, ಬಾಲ ಅಲ್ಲಾಡಿಸುತ್ತಿದ್ದಾಳಲ್ಲ ಅಂತ ನಾನೂ ಸುಮ್ಮನಾದೆ. ಈ ಬರಹ ಓದುತ್ತಿರುವವರು ದಯವಿಟ್ಟು ಈ ಜಾಗದಲ್ಲಿ ಸುಮ್ಮನಾಗಬೇಡಿ.

ಆ ಕೆಮ್ಮಿಗೆ ಕೆನಲ್ ಕಾಫ್ ಅಂತಾರೆ. ಬೋರ್ಡೆಟೆಲ್ಲಾ ಅನ್ನುವ ಬ್ಯಾಕ್ಟೀರಿಯಾ, ಪ್ಯಾರಾ ಇನ್‌ಫ್ಲುಯೆಂಜಾ, ಅಡಿನೋ ವೈರಸ್, ಹೀಗೆ ಒಂದೋ ಹಲವೋ ಸೇರಿ ಬರುವ ಸೋಂಕು. ನಾಯಿ ಕೆಮ್ಮಿದಾಗ ಹಾರುವ ಹನಿ, ಒಂದೇ ನೀರಿನ ಬಟ್ಟಲು, ನೋಡಿಕೊಳ್ಳುವವರ ಕೈ, ಯಾವುದರಿಂದಲಾದರೂ ಹರಡುತ್ತದೆ. ಸೋಂಕು ತಗಲಿದ ಮೇಲೆ ಕೆಮ್ಮು ಕಾಣಿಸಿಕೊಳ್ಳಲು 2 ರಿಂದ 14 ದಿನ ಬೇಕು. ಹಾಗಾಗಿಯೇ ಬೋರ್ಡಿಂಗ್‌ನಿಂದ ಬರುವಾಗ ನಾಯಿ ಚೆನ್ನಾಗಿರುತ್ತದೆ, ಮನೆಗೆ ಬಂದ ಮೇಲೆ ಕಾಯಿಲೆ ಬೀಳುತ್ತದೆ. ಗಟ್ಟಿಮುಟ್ಟಾದ ಬೆಳೆದ ನಾಯಿಗಳಲ್ಲಿ ಹೆಚ್ಚಿನ ಸಲ ಒಂದೆರಡು ವಾರಗಳಲ್ಲಿ ವಾಸಿಯಾಗುತ್ತದೆ. ಮರಿಗಳಿಗೆ, ವಯಸ್ಸಾದವಕ್ಕೆ, ಪಗ್ ತರಹದ ಚಪ್ಪಟೆ ಮೂತಿಯವಕ್ಕೆ ಮಾತ್ರ ಅಪಾಯ ಜಾಸ್ತಿ. ಸೋಂಕು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು.

ಚುಕ್ಕಿಗೆ ಆದದ್ದು ಅದೇ. ಏಳನೇ ದಿನ ಬೆಳಗ್ಗೆ ಊಟದ ಬಟ್ಟಲ ಹತ್ತಿರಕ್ಕೂ ಬರಲಿಲ್ಲ. ಮಲಗಲೂ ಇಲ್ಲ. ಮುಂಗಾಲುಗಳನ್ನು ಅಗಲಿಸಿ, ಕತ್ತು ಮುಂದಕ್ಕೆ ಚಾಚಿ ಕೂತೇ ಇದ್ದಳು. ಹಟ ಮಾಡುತ್ತಿದ್ದಾಳೆ ಅಂದುಕೊಂಡೆ. ಉಸಿರು ಸಾಲದೆ ಇರುವ ನಾಯಿ ಹಾಗೆ ಕೂರುತ್ತದೆ ಅಂತ ಡಾಕ್ಟರ್ ಹೇಳಿದಾಗ ನನಗೆ ಅಳು ತಡೆಯಲಾಗಲಿಲ್ಲ. ಹಿಂದಿನ ರಾತ್ರಿ ಎರಡು ಗಂಟೆಗೆ ಎದ್ದು ನೋಡಿದಾಗಲೂ ಅವಳು ಹಾಗೇ ಕೂತಿದ್ದಳು. ನಾನು ತಲೆ ಸವರಿ ವಾಪಸ್ ಮಲಗಿದ್ದೆ.

ಇವತ್ತೇ ಕಲಿತುಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು ಉಸಿರು ಎಣಿಸುವುದನ್ನು. ನಾಯಿ ನಿದ್ದೆಯಲ್ಲಿರುವಾಗ ಎದೆ ಒಂದು ಸಲ ಏರಿ ಇಳಿದರೆ ಒಂದು. 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ಆರಾಮಾಗಿರುವ ನಾಯಿಗೆ ನಿದ್ದೆಯಲ್ಲಿ ನಿಮಿಷಕ್ಕೆ 30 ದಾಟುವುದಿಲ್ಲ. ಎಣಿಸಿದಾಗಲೆಲ್ಲ 30 ದಾಟುತ್ತಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ತುಟಿ ಎತ್ತಿ ಒಸಡನ್ನೂ ನೋಡಿ. ಬೆರಳಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಒಸಡು ಬಿಳಿಚಿಕೊಂಡಿದ್ದರೆ, ನೀಲಿ ಆಗಿದ್ದರೆ ಫೋನ್ ಮಾಡುತ್ತಾ ಕೂರಬೇಡಿ, ನೇರವಾಗಿ ಹೊರಡಿ. ಮೂಗು ಒಣಗಿದೆಯಾ, ಒದ್ದೆಯಾಗಿದೆಯಾ ಅಂತ ನೋಡಿ ಜ್ವರ ಹೇಳಲಾಗುವುದಿಲ್ಲ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟೇ ನೋಡಬೇಕು. ನಾಯಿಯ ಮೈ ನಮಗಿಂತ ಬಿಸಿ. 101 ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅವಕ್ಕೆ ಸರಿಯಾದದ್ದೇ. 103 ದಾಟಿದರೆ ಜ್ವರ.

ಇನ್ನೊಂದು ತಪ್ಪು ಕೂದಲೆಳೆಯಲ್ಲಿ ತಪ್ಪಿತು. ಮನೆಯಲ್ಲಿದ್ದ ಕೆಮ್ಮಿನ ಸಿರಪ್ ಬಾಟಲಿ ಕೈಗೆತ್ತಿಕೊಂಡಿದ್ದೆ, ತಂಗಿ ತಡೆದಳು. ಮನುಷ್ಯರ ಕೆಲವು ಸಿರಪ್‌ಗಳಲ್ಲಿ ಸಿಹಿಗೆ ಹಾಕುವ ಜೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಏಕಾಏಕಿ ಇಳಿಸಿಬಿಡುತ್ತದೆ. ಪ್ಯಾರಾಸಿಟಮಾಲ್ ಲಿವರ್ ಹಾಳುಮಾಡಬಹುದು. ಐಬುಪ್ರೊಫೆನ್‌ನಿಂದ ಹೊಟ್ಟೆಯಲ್ಲಿ ರಕ್ತ ಸುರಿಯಬಹುದು, ಕಿಡ್ನಿ ಕೆಡಬಹುದು. ಡಾಕ್ಟರ್ ಹೇಳದೆ ನಮ್ಮ ಔಷಧಿಯ ಒಂದು ಹನಿಯನ್ನೂ ಕೊಡಬೇಡಿ.

ಆಸ್ಪತ್ರೆಗೆ ಹೋಗುವಾಗ ಮೊದಲೇ ಫೋನ್ ಮಾಡಿ “ಬೋರ್ಡಿಂಗ್‌ನಲ್ಲಿತ್ತು, ಕೆಮ್ಮುತ್ತಿದೆ” ಅಂತ ಹೇಳಿ, ಹೊರಗೇ ಕಾಯಿರಿ. ಒಳಗೆ ಕೂತಿರುವ ಬೇರೆ ನಾಯಿಗಳಿಗೆ ಹರಡಬಾರದು. ಕೆಮ್ಮುವಾಗ ಮೊಬೈಲ್‌ನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ಡಾಕ್ಟರ ಮೇಜಿನ ಮೇಲೆ ಅದು ಕೆಮ್ಮದೇ ಇರಬಹುದು. ಕತ್ತಿನ ಬೆಲ್ಟ್ ಬಿಚ್ಚಿ ಎದೆಗೆ ಹಾಕುವ ಹಾರ್ನೆಸ್ ಬಳಸಿ. ಡಾಕ್ಟರ್ ಸರಿ ಅನ್ನುವವರೆಗೆ ಬೇರೆ ನಾಯಿಗಳ ಹತ್ತಿರ ಬಿಡಬೇಡಿ.

ಬೋರ್ಡಿಂಗ್‌ನಿಂದ ಬರುವುದು ಕೆಮ್ಮೊಂದೇ ಅಲ್ಲ. ಮರಿಗಳು ಅಥವಾ ಲಸಿಕೆ ಪೂರ್ತಿ ಆಗದ ನಾಯಿಗಳು ವಾಂತಿ ಮಾಡಿ, ನಾರುವ ರಕ್ತಭೇದಿ ಮಾಡಿದರೆ ಅದು ಪಾರ್ವೋ ಅನ್ನುವ ಮಾರಕ ವೈರಸ್ ಕಾಯಿಲೆ ಇರಬಹುದು. ಅಲ್ಲಿ ಅರ್ಧ ದಿನವನ್ನೂ ಕಾಯಬಾರದು. ರಕ್ತ ಹೀರುವ ಉಣ್ಣೆ ಹುಳ ಕಚ್ಚಿ ಬರುವ ಉಣ್ಣೆ ಜ್ವರ ಇನ್ನೂ ತಡವಾಗಿ, ಒಂದರಿಂದ ಮೂರು ವಾರ ಕಳೆದ ಮೇಲೆ ಬರಬಹುದು. ಅಷ್ಟರಲ್ಲಿ ಬೋರ್ಡಿಂಗ್ ವಿಷಯವೇ ಮರೆತುಹೋಗಿರುತ್ತದೆ. ಮಂಕು, ಜ್ವರ, ಬಿಳಿಚಿದ ಒಸಡು, ಕೆಲವೊಮ್ಮೆ ಮೂಗಿನಿಂದ ರಕ್ತ. ಮನೆಗೆ ಕರೆತಂದ ದಿನವೇ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬೆಲ್ಟಿನ ಕೆಳಗೆ ಉಣ್ಣೆ ಹುಡುಕಿ. ಬೋರ್ಡಿಂಗ್‌ನಲ್ಲಿದ್ದ ತಾರೀಕು ಎಲ್ಲಾದರೂ ಬರೆದಿಟ್ಟುಕೊಂಡು, ಒಂದು ತಿಂಗಳೊಳಗೆ ಯಾವ ಕಾಯಿಲೆ ಬಂದರೂ ಡಾಕ್ಟರಿಗೆ ಹೇಳಿ.

ಕೆನಲ್ ಕಾಫ್ ಲಸಿಕೆ ಹಾಕಿಸಿದರೂ ಕೆಮ್ಮು ಬರಬಹುದು, ಆದರೆ ಜೋರು ಕಡಿಮೆ ಇರುತ್ತದೆ. ಹೊರಡುವ ಹಿಂದಿನ ದಿನ ಹಾಕಿಸಿದರೆ ಉಪಯೋಗವಿಲ್ಲ. ಮೂಗಿಗೆ ಹಾಕುವ ಲಸಿಕೆ ಕೆಲಸ ಮಾಡಲು ಕೆಲವು ದಿನ ಬೇಕು. ಚುಚ್ಚುಮದ್ದಾದರೆ ಮೊದಲ ಸಲ ಎರಡು ಡೋಸ್, ಮಧ್ಯೆ ಕೆಲವು ವಾರ.

ಚುಕ್ಕಿ ಮನೆಗೆ ಬಂದ ಮೇಲೆ ಬೋರ್ಡಿಂಗ್‌ಗೆ ಮತ್ತೆ ಫೋನ್ ಮಾಡಿದೆ. ಅಲ್ಲಿ ಕೆಲಸ ಮಾಡುವ ಹುಡುಗ ಎತ್ತಿಕೊಂಡ. ಪಕ್ಕದ ಗೂಡಿನ ನಾಯಿ ಎರಡನೇ ದಿನದಿಂದಲೇ ಕೆಮ್ಮುತ್ತಿತ್ತಂತೆ. ಅದನ್ನು ಬೇರೆ ಇಡಲಿಲ್ಲ, ನಮಗೆ ಹೇಳಲೂ ಇಲ್ಲ. ಇದನ್ನು ನಾನು ಕ್ಷಮಿಸಲಾರೆ. ಕಾಯಿಲೆ ಎಲ್ಲಿ ಬೇಕಾದರೂ ಬರಬಹುದು, ಮುಚ್ಚಿಡಬಾರದಿತ್ತು. ಕಾಯಿಲೆ ಬಿದ್ದ ನಾಯಿಯನ್ನು ಎಲ್ಲಿ ಇಡುತ್ತೀರಿ, ಉಳಿದವರಿಗೆ ತಿಳಿಸುತ್ತೀರಾ ಅಂತ ಬಿಡುವ ಮೊದಲೇ ಕೇಳಿ.

ಆ ಹುಡುಗನ ಹತ್ತಿರವೇ ಕೇಳಿಕೊಂಡೆ, ಅದೇ ವಾರ ಅಲ್ಲಿದ್ದ ಬೇರೆ ನಾಯಿಗಳ ಮನೆಯವರಿಗೆ ನನ್ನ ನಂಬರ್ ಕೊಡು ಅಂತ. ಸಂಜೆ ಒಬ್ಬರು ಫೋನ್ ಮಾಡಿದರು. ಅವರದ್ದು ಐದು ತಿಂಗಳ ಮರಿ. ಹಿಂದಿನ ರಾತ್ರಿಯಿಂದ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ, ತೆಗೆಯಲು ಆಗುತ್ತಿಲ್ಲ ಅಂದರು. ನಾನು ಅವರನ್ನು ಅರ್ಧಕ್ಕೇ ತಡೆದು, ಈಗಲೇ ಹೊರಡಿ ಅಂದೆ.