ಮೂರು ವರ್ಷ ಉಜ್ಜಿದ್ಮೇಲೆ: 20 ಸಾವಿರದ ಪುಟ್ಟ ಲ್ಯಾಪ್‌ಟಾಪು, ಅದರ ಎಫ್ ಕೀ

2022ರ ಆಗಸ್ಟಲ್ಲಿ ತಗೊಂಡಿದ್ದು, 20,500 ಆಯ್ತು. ಕಂಪನಿ ಹೆಸರು ಬೇಡ ಬಿಡಿ, ಆಗ ಆ ರೇಟಿಗೆ ಸಿಗ್ತಿದ್ದ ಸಣ್ಣ ಲ್ಯಾಪ್‌ಟಾಪ್‌ಗಳ ಹೊಟ್ಟೆಯಲ್ಲಿ ಹೆಚ್ಚುಕಮ್ಮಿ ಒಂದೇ ಸಾಮಾನು: 11.6 ಇಂಚು ಸ್ಕ್ರೀನು, ಸೆಲೆರಾನ್ ಎನ್4020 ಪ್ರೊಸೆಸರ್, 4 ಜಿಬಿ ರ್ಯಾಮ್, ಫೈಲ್ ಇಡಕ್ಕೆ 64 ಜಿಬಿ ಇಎಂಎಂಸಿ ಸ್ಟೋರೇಜು. ನಾನು ಹೊಸನಗರ ತಾಲ್ಲೂಕಿಂದ ಪೇಪರಿಗೆ ಸುದ್ದಿ ಕಳ್ಸೋನು, ಸಂಬಳ ಅಂತೇನಿಲ್ಲ, ಸುದ್ದಿಗಿಷ್ಟು ಅಂತ ಬರೋದು, 50 ಸಾವಿರದ ಮಷಿನ್ನು ತಗೊಂಡ್ರೆ ಅದರ ಇಎಂಐಗೇ ಬರೀಬೇಕಾಗುತ್ತೆ.

ಇದರಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು ಅಂದ್ರೆ ಫ್ಯಾನ್ ಇಲ್ದೇ ಇರೋದು. ಪ್ರೊಸೆಸರ್ರೇ 6 ವ್ಯಾಟಿಂದು, ಫ್ಯಾನ್ ಬೇಕಾಗಲ್ಲ. ಹಳೇ ಲ್ಯಾಪ್‌ಟಾಪ್ ಬಿಚ್ಚಿಸಿದಾಗ ಫ್ಯಾನ್ ತುಂಬಾ ಅಡಿಕೆ ಸಿಪ್ಪೆ ಧೂಳು ಸಿಕ್ಕಿತ್ತು, ಸುಲಿಯೋ ಟೈಮಲ್ಲಿ ಜಗಲೀಲೇ ಕೂತು ಬರೀತೀನಲ್ಲ ಅದಕ್ಕೆ. ಇದಕ್ಕೆ ಆ ರಗಳೆನೇ ಇಲ್ಲ. ಇನ್ನೊಂದು ತೂಕ, ಒಂದೂಕಾಲು ಕೇಜಿ ಇರಬಹುದು, ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಬ್ಯಾಗಿಗೆ ಹಾಕ್ಕೊಂಡು ಮಳೇಲಿ ಬೈಕಲ್ಲಿ ಹೋದ್ರೂ ಹೆಗಲಿಗೆ ಭಾರ ಅನ್ಸಲ್ಲ, ಬಸ್ಸಲ್ಲಿ ತೊಡೆ ಮೇಲಿಟ್ರೆ ಪಕ್ಕದೋರ ಮೊಣಕೈಗೂ ತಾಗಲ್ಲ.

ಕರೆಂಟಿನ ಕಥೆ ಮಲೆನಾಡೋರಿಗೆ ಹೇಳ್ಬೇಕಾ, ಜುಲೈನಲ್ಲಿ ಒಂದು ಮರ ಬಿದ್ರೆ ಎರಡು ದಿನ ಕತ್ಲೆ. ಹೊಸದ್ರಲ್ಲಿ ಬರೀ ಟೈಪಿಂಗ್ ಮಾಡಿದ್ರೆ ಏಳು ಗಂಟೆ ಬರ್ತಿತ್ತು ಬ್ಯಾಟರಿ, ಈಗ ನಾಲ್ಕೂವರೆ. ಬ್ಯಾಟರಿ ರಿಪೋರ್ಟ್ ತೆಗೆದು ನೋಡ್ದೆ, ಚಾರ್ಜ್ ಹಿಡಿಯೋ ತಾಕತ್ತು 38 ವ್ಯಾಟ್ ಅವರ್ ಇದ್ದಿದ್ದು 27ಕ್ಕೆ ಇಳಿದಿದೆ. ಮೂರು ವರ್ಷಕ್ಕೆ ಇದು ಪರವಾಗಿಲ್ಲ ಅಂತ ನನ್ನ ಲೆಕ್ಕ.

ಈಗ ಬೈಯೋದು. ಮೊದಲನೇ ದಿನವೇ ಕನ್ನಡ ಟೈಪ್ ಮಾಡೋ ನುಡಿ ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗ್ಲಿಲ್ಲ. ವಿಂಡೋಸ್ ಎಸ್ ಮೋಡಲ್ಲಿ ಬಂದಿತ್ತು, ಅದ್ರಲ್ಲಿ ಸ್ಟೋರಲ್ಲಿರೋ ಆ್ಯಪ್ ಬಿಟ್ರೆ ಬೇರೆ ಏನೂ ಕೂರಲ್ಲ, ಅದು ಗೊತ್ತಿಲ್ದೆ ನಾನು ಪೆನ್‌ಡ್ರೈವ್ ಹಾಳಾಗಿದೆ ಅಂದ್ಕೊಂಡು ಅರ್ಧ ದಿನ ಹಾಳು ಮಾಡ್ದೆ. ಎಸ್ ಮೋಡಿಂದ ಫ್ರೀಯಾಗಿ ಆಚೆ ಬರಬಹುದು, ವಾಪಸ್ ಹೋಗಕ್ಕಾಗಲ್ಲ ಅಷ್ಟೇ, ಹೋಗೋದಾದ್ರೂ ಯಾಕೆ.

ಜಾಗದ್ದೇ ದೊಡ್ಡ ತಲೆನೋವು. 64 ಅಂತಾರೆ, ತೋರ್ಸೋದು 58 ಚಿಲ್ಲರೆ, ವಿಂಡೋಸು ಅದರ ಅಪ್‌ಡೇಟು ಎಲ್ಲ ಸೇರಿ ಅರ್ಧಕ್ಕಿಂತ ಜಾಸ್ತಿ ನುಂಗಿರುತ್ತೆ. ವಿಂಡೋಸ್ 11ಕ್ಕೆ ಕನಿಷ್ಠ ಬೇಕಾಗಿರೋದೇ 4 ಜಿಬಿ ರ್ಯಾಮು, 64 ಜಿಬಿ ಜಾಗ, ಅಂದ್ರೆ ಇವರು ಗೆರೆ ಮೇಲೇ ನಿಲ್ಸಿ ಮಾರಿದಾರೆ. ದೊಡ್ಡ ಅಪ್‌ಡೇಟ್ ಬಂದಾಗೆಲ್ಲ ಜಾಗ ಸಾಲಲ್ಲ, ಫೋಟೋ ಎಲ್ಲ ಮೆಮರಿ ಕಾರ್ಡಿಗೆ ದಾಟಿಸಿ, ಪೆನ್‌ಡ್ರೈವ್ ಚುಚ್ಚಿ, ರಾತ್ರಿ ಬಿಟ್ಟು ಮಲಗ್ಬೇಕು, ಮಧ್ಯ ಕರೆಂಟ್ ಹೋಗ್ದಿರಲಿ ಅಂತ ಹರಕೆ ಹೊತ್ಕೊಂಡು. ರ್ಯಾಮ್ ಜಾಸ್ತಿ ಮಾಡ್ಸೋಣ ಅಂತ ಸಾಗರಕ್ಕೆ ತಗೊಂಡೋದ್ರೆ ಅಂಗಡಿ ಹುಡ್ಗ ಹಿಂದಿನ ಮುಚ್ಚಳ ತೆಗೆದು ತೋರ್ಸ್ದ, "ಇದೆಲ್ಲ ಬೋರ್ಡಿಗೇ ಬೆಸುಗೆ ಹಾಕ್ಬಿಟ್ಟಿದಾರೆ ಸಾರ್, ಏನೂ ಮಾಡಕ್ಕೆ ಬರಲ್ಲ." ಕ್ರೋಮಲ್ಲಿ ನಾಲ್ಕು ಟ್ಯಾಬು, ಜೊತೆಗೆ ವಾಟ್ಸಾಪ್ ವೆಬ್ಬು ತೆಗೆದ್ರೆ ಕ್ಲಿಕ್ ಮಾಡಿ ಕವಳ ಹಾಕ್ಕೊಂಡು ಬರಬಹುದು. ಯೂಟ್ಯೂಬ್ ಕೆಲವು ವಿಡಿಯೋ ಚೆನ್ನಾಗೇ ಓಡುತ್ತೆ, ಎವಿ1 ಅನ್ನೋ ಹೊಸ ವಿಡಿಯೋ ಫಾರ್ಮ್ಯಾಟಲ್ಲಿ ಬರೋವು ಮಾತ್ರ ತಡವರಿಸ್ತವೆ, ಈ ಪ್ರೊಸೆಸರಿಗೆ ಅದನ್ನ ಬಿಡಿಸೋ ಹಾರ್ಡ್‌ವೇರೇ ಇಲ್ಲ. ಅದರ ಬದಲು ಹಳೇ ಎಚ್264 ಫಾರ್ಮ್ಯಾಟಲ್ಲೇ ಬರೋ ಹಾಗೆ ಮಾಡೋ ಎಕ್ಸ್‌ಟೆನ್ಷನ್ ಕ್ರೋಮಿಗೆ ಹಾಕ್ದ್ಮೇಲೆ ಸರಿಹೋಯ್ತು.

ಸ್ಕ್ರೀನ್ ಬಗ್ಗೆ ಹೇಳ್ಲೇಬೇಕು. 1366x768, ಮಂದ, ಸ್ವಲ್ಪ ಕೆಳಗಿಂದ ನೋಡಿದ್ರೆ ಬಣ್ಣ ಎಲ್ಲ ಉಲ್ಟಾ. ಇಂಗ್ಲಿಷ್ ಟೈಪ್ ಮಾಡೋರಿಗೆ ಸಾಕು, ನಮ್ಮ ಅಕ್ಷರಕ್ಕೆ ಸಾಲದು, ಥ ಮತ್ತೆ ಧಕ್ಕೆ ಇರೋ ವ್ಯತ್ಯಾಸವೇ ಒಂದು ಚುಕ್ಕೆಯಷ್ಟು. ಗ್ರಾಮಸಭೆ "ಅರ್ಧಕ್ಕೆ ನಿಂತಿತು" ಅಂತ ಬರೆದಿದ್ದೆ ಅಂದ್ಕೊಂಡೆ, ಪೇಪರಲ್ಲಿ "ಅರ್ಥಕ್ಕೆ ನಿಂತಿತು" ಅಂತ ಬಂತು. ಅಧ್ಯಕ್ಷರು ಮಾತ್ರ ಫೋನ್ ಮಾಡಿ ಚೆನ್ನಾಗಿ ಬರ್ದಿದೀರಿ ಅಂದ್ರು. ಅವತ್ತಿಂದ ಜೂಮ್ 150ಕ್ಕೆ ಇಟ್ಟು ಒಂದ್ಸಲ ಓದಿಯೇ ಕಳ್ಸೋದು.

ಕೊನೇದಾಗಿ ಕೀಬೋರ್ಡು. ಕೆ.ಪಿ. ರಾವ್ ಮಾಡಿದ ಕನ್ನಡ ಕೀಬೋರ್ಡ್ ವಿನ್ಯಾಸದಲ್ಲಿ ಟೈಪ್ ಮಾಡೋರಿಗೆ ಗೊತ್ತು, ಒತ್ತಕ್ಷರ ಬೇಕಂದ್ರೆ ಎಫ್, ದೀರ್ಘಕ್ಕೆಲ್ಲ ಶಿಫ್ಟು. ಕನ್ನಡದಲ್ಲಿ ಒಂದು ವಾಕ್ಯ ಬರೀಬೇಕಂದ್ರೆ ಎಫ್ ಎಷ್ಟು ಸಲ ಬೀಳುತ್ತೆ ಲೆಕ್ಕ ಹಾಕ್ಕೊಳ್ಳಿ. ಎರಡನೇ ವರ್ಷಕ್ಕೆ ಅದರ ಮೇಲಿನ ಅಕ್ಷರ ಅಳಿಸೋಯ್ತು, ಮೂರನೇ ವರ್ಷಕ್ಕೆ ಒಳಗಿನ ರಬ್ಬರು ಸತ್ತೋಯ್ತು. ಪಕ್ಕದ ಜಿ ಇನ್ನೂ ಹೊಸದರ ಹಾಗೇ ಇದೆ. ಒಂದು ಕೀ ಮಾತ್ರ ಹಾಕಕ್ಕಾಗಲ್ಲ, ಮೇಲ್ಭಾಗ ಪೂರ್ತಿ ಬದಲಾಯಿಸ್ಬೇಕು, 3,500 ಅಂದ್ರು ಸರ್ವಿಸ್‌ನೋರು. ಮನೇಲಿದ್ರೆ 450 ರೂಪಾಯಿ ಯುಎಸ್‌ಬಿ ಕೀಬೋರ್ಡ್ ಹಾಕ್ಕೋತೀನಿ. ಹೊರಗಡೆ ಹೋದಾಗ ಹೆಬ್ಬೆರಳಲ್ಲಿ ಒತ್ತೋದು, ಸ್ವಲ್ಪ ಮೆತ್ತಗೆ ಒತ್ತಿದ್ನೋ "ಹಳ್ಳಿ" ಹೋಗಿ "ಹಳಳಿ" ಆಗಿರುತ್ತೆ, ಡೆಸ್ಕಲ್ಲಿರೋ ಅಣ್ಣ ಅದನ್ನ ನೋಡಿದ್ರೆ ಸಾಕು, ಇವತ್ತು ಫೀಲ್ಡಲ್ಲಿದೀಯೇನೋ ಅಂತ ಮೆಸೇಜ್ ಹಾಕ್ತಾರೆ.